ಐಲಿಯ ಹೂಪಾತಿಗೆ ಅಂಚು

ಬಹಳ ಹಿಂದೇನಲ್ಲ, ಉತ್ತರ ಅಮೆರಿಕದ ಸುಪೀರಿಯರ್ ಸರೋವರದ ದಂಡೆಯಲ್ಲೊಂದು ಊರು. ಅಲ್ಲಿ ಮಣ್ಣು ವರ್ಷಕ್ಕೆ ಆರು ತಿಂಗಳು ಕಲ್ಲಾಗಿ ಮಲಗುತ್ತಿತ್ತು. ಅದು ಏಳುವ ತನಕ ಬೀಜ ಕಾಯಬೇಕು, ಗುದ್ದಲಿ ಕಾಯಬೇಕು, ಸತ್ತವರೂ ಕಾಯಬೇಕು. ಜನವರಿಯಲ್ಲಿ ತೀರಿಕೊಂಡ ಐಲಿ, ಪಕ್ಕದೂರಿನ ಶವಗಳ ಕಲ್ಲುಕೋಣೆಯಲ್ಲಿ ಮೇ ತಿಂಗಳವರೆಗೆ ಕಾದಳು. ಗುರುವಾರ ಬೆಳಿಗ್ಗೆ ಸ್ಮಶಾನದವನು ಅವಳ ಗಂಡ ತೌನೊನಿಗೆ ಫೋನ್ ಮಾಡಿದ. "ಇಲ್ಲಿ ಬಿಸಿಲಿನ ದಿಬ್ಬ ನೋಡಿ, ನೆಲ ಸಡಿಲ ಆಗಿದೆ. ನಾಳೆ ಹತ್ತು ಗಂಟೆಗೆ ಮಣ್ಣು ಮಾಡಿಬಿಡೋಣ."

ತೌನೊ ಮನೆಯ ಮುಂದಿನ ಹೂಪಾತಿಗೆ ಹೋಗಿ ಕಬ್ಬಿಣದ ಸರಳು ಚುಚ್ಚಿದ. ಒಂದು ಗೇಣು ಇಳಿದು ಟಣ್ ಎಂದು ನಿಂತಿತು. ಮನೆಯ ನೆರಳು ಬೀಳುವ ಜಾಗ. ಕೆಳಗೆ ಇನ್ನೂ ಮಂಜುಗಡ್ಡೆ. ಆದರೂ ಅವನು ಹಬೆಸ್ನಾನದ ಕೋಣೆ ಸೌನಾದ ಒಲೆ ಹಚ್ಚಿ ಹಂಡೆಯಲ್ಲಿ ನೀರು ಕಾಯಲಿಟ್ಟ, ಗಾಡಿಯಿಂದ ಪಾತಿಗಳ ಸುತ್ತ ಕಾಂಕ್ರೀಟಿನ ಅಂಚು ಹಾಕುವ ಯಂತ್ರ ಇಳಿಸಿದ, ಮರಳು ಸಿಮೆಂಟು ಕಲಸಲು ನಿಂತ. ನಾಳೆಯ ಊಟಕ್ಕೆ ಬ್ರೆಡ್ಡು ಸುಡಲು ಬಂದಿದ್ದ ಐಲಿಯ ತಂಗಿ ಸೈಮಾ, ಹಿಟ್ಟಿನ ಕೈಯಲ್ಲೇ ಓಡಿಬಂದಳು.

"ಭಾವ, ತಲೆ ನೆಟ್ಟಗಿದ್ಯಾ? ಮೊನ್ನೆ ಆ ಲೆಂಪಿ ಬಂದು, ಮಗಳ ಮದುವೆ, ಬೇಗ ಅಂಚು ಹಾಕ್ಕೊಡಿ ಅಂತ ಗೋಗರೆದಾಗ ಏನಂದ್ರಿ? ಮಣ್ಣೊಳಗೆ ಮಂಜಿರುವಾಗ ಕಾಂಕ್ರೀಟ್ ಹಾಕೋನು ಕೆಲಸಗಾರ ಅಲ್ಲ, ಕಳ್ಳ ಅಂದ್ರಿ."

"ಅಂದೆ."

"ಮಂಜು ಕರಗಿದ ಕೂಡ್ಲೆ ಮಣ್ಣು ಕುಸಿಯುತ್ತೆ, ಅಂಚು ಚೂರು ಚೂರಾಗುತ್ತೆ. ಇದೂ ನಿಮ್ಮದೇ ಮಾತು."

"ನಂದೇ."

"ಮತ್ತೆ?"

"ಮತ್ತೇನು? ಆ ಬಕೆಟ್ ಇತ್ಲಾಗೆ ತಳ್ಳು."

ಇಪ್ಪತ್ತೆರಡು ಬೇಸಿಗೆ ಅವನು ಊರವರ ಹೂದೋಟಗಳಿಗೆಲ್ಲ ಅಂಚು ಕಟ್ಟಿದ್ದ. ಅವನ ಮನೆಯ ಮುಂದೆ ಮಾತ್ರ, ಐಲಿಯ ಪಿಯೊನಿ ಹೂಗಿಡಗಳ ಸುತ್ತ, ಲಡ್ಡು ಹಿಡಿದ ಮರದ ತುಂಡುಗಳು. ಅಲ್ಲಿ ಕೆಲಸ ಮಾಡಲು ಸಿಗುವುದೇ ನಾಲ್ಕು ತಿಂಗಳು. ಗಿರಾಕಿಗಳು ಮೊದಲು, ಹೆಂಡತಿ ಆಮೇಲೆ. ಆಸ್ಪತ್ರೆಯ ಹಾಸಿಗೆಯಲ್ಲಿ ಐಲಿ ಅಣಕಿಸಿದ್ದಳು: "ನಾನು ಸತ್ತ ಮೇಲಾದ್ರೂ ಹಾಕ್ತೀಯೋ ಇಲ್ವೋ?" ಅವನು ಎದೆ ತಟ್ಟಿಕೊಂಡು, "ನಿನ್ನ ಮಣ್ಣಿಗಿಡೋದ್ರೊಳಗೆ ಹಾಕ್ತೀನಿ, ಆಣೆ," ಅಂದಿದ್ದ. ಇಬ್ಬರೂ ನಕ್ಕಿದ್ದರು. ಇನ್ನೆರಡು ದಿನದಲ್ಲಿ ಮನೆಗೆ ಕಳಿಸುತ್ತೇವೆಂದು ಡಾಕ್ಟರರು ಹೇಳಿದ್ದ ದಿನ ಅದು.

ಸೈಮಾ ಒಳಗೆ ಹೋಗಲಿಲ್ಲ. "ಅವಳು ನೋಡ್ತಾಳೆ ಅಂದ್ಕೊಂಡಿದ್ದೀರಾ?"

"ಇಲ್ಲ. ಅಷ್ಟು ದಡ್ಡ ಅಲ್ಲ ನಾನು. ಆದ್ರೆ ನಾಳೆ ಅವಳ ಗಾಡಿ ಈ ರಸ್ತೆಯಲ್ಲೇ ಬರುತ್ತೆ, ಸೈಮಾ. ಹಿಂದಿನ ಕಾರಲ್ಲಿ ನಾನು ಕೂತಿರ್ತೀನಿ. ಇಲ್ಲಿ ಆ ಲಡ್ಡು ಮರಾನೇ ಬಿದ್ದಿದ್ರೆ ನಾನು ಯಾವ ಕಡೆ ಮುಖ ತಿರುಗಿಸಲಿ?"

ಅವಳು ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಬಕೆಟ್ ಎತ್ತಿಕೊಟ್ಟಳು.

ಚಕ್ಕುಲಿ ಒರಳಿನಿಂದ ಹಿಟ್ಟು ಇಳಿಯುವಂತೆ ಯಂತ್ರದ ಬಾಯಿಂದ ಬೂದು ಬಣ್ಣದ ಅಂಚು ಹಬೆಯಾಡುತ್ತ ಇಳಿಯಿತು. ತೌನೊ ಅದರ ಮೇಲೆ ಕಲ್ಲಿನ ಅಚ್ಚಿನ ಉರುಳೆ ಹಾಯಿಸುತ್ತ, ತೇವದ ಬ್ರಷ್ಷಿನಿಂದ ಸವರುತ್ತ, ಪಾತಿಯ ಸುತ್ತ ಮಂಡಿಯಲ್ಲೇ ಸರಿದ. ಒಳಗಿಂದ ಬ್ರೆಡ್ಡು ಸೀಯುವ ವಾಸನೆ ಬಂತು. "ಹೋಗು, ಸುಟ್ಟುಹೋಗ್ತಿದೆ," ಎಂದ. "ಸುಟ್ಟುಹೋಗ್ಲಿ. ಅಕ್ಕನ ಮನೆ ಊಟ ಅಂದ್ರೆ ಜನಕ್ಕೆ ಅದೇ ಅಭ್ಯಾಸ," ಎಂದಳು. ಆ ಮಾತಿಗೆ ಅವನ ಭುಜ ಅಲುಗಿತು. ನಗುವಿಗೋ ಮತ್ತೊಂದಕ್ಕೋ ಅವಳು ನೋಡಹೋಗಲಿಲ್ಲ.

ಸಂಜೆಯ ಹೊತ್ತಿಗೆ ಎರಡು ತುದಿಗಳು ಕೂಡಿದವು. ಇನ್ನು ಉಳಿದದ್ದು ಕೊಯ್ಯುವ ಕೆಲಸ. ಚಳಿಯ ಊರಲ್ಲಿ ಕಾಂಕ್ರೀಟು ಹಿಗ್ಗಿ ಕುಗ್ಗಿ ಒಡೆದೇ ಒಡೆಯುತ್ತದೆ. ಅದಕ್ಕೇ ಎರಡೆರಡು ಅಡಿಗೆ ಮೊದಲೇ ಗೀರು ಹಾಕಿಬಿಟ್ಟರೆ ಬಿರುಕು ಆ ಗೀರಿನೊಳಗೇ ಅಡಗುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಸೈಮಾ ಕರಣಿ ಒರೆಸಿ ಮುಂದೆ ಹಿಡಿದಳು. ತೌನೊ ತೆಗೆದುಕೊಳ್ಳಲಿಲ್ಲ.

"ಕೊಯ್ಯಲ್ವಾ, ಭಾವ?"

"ಬೇಡ. ಬಹಳ ದಿನ ಇರೋದಕ್ಕೆ ಕೊಯ್ಯೋದು. ಇದು ನಾಳೆ ಒಂದು ದಿನ ಇಡಿಯಾಗಿದ್ರೆ ಸಾಕು."

ಸರೋವರದ ಕಡೆಯಿಂದ ಗಾಳಿ ಎದ್ದಿತು. ಇರುಳಿಗೆ ಹಿಮ ಕಟ್ಟಿದರೆ ಹಸಿ ಅಂಚು ನಾಳೆಯನ್ನೂ ಕಾಣುವುದಿಲ್ಲವೆಂದು ಇಬ್ಬರಿಗೂ ಗೊತ್ತು. ಸೈಮಾ ಒಳಗೆ ಹೋಗಿ, ಐಲಿ ಮಗ್ಗದಲ್ಲಿ ನೇಯ್ದಿಟ್ಟಿದ್ದ ಚಿಂದಿ ಬಟ್ಟೆಯ ಜಮಖಾನಗಳನ್ನೆಲ್ಲ ಹೊತ್ತು ತಂದಳು. ತೌನೊನ ಹರಿದ ಕೆಲಸದ ಪ್ಯಾಂಟುಗಳನ್ನೇ ಸೀಳಿ ನೇಯ್ದವು. ಎಷ್ಟು ಒಗೆದರೂ ಹೋಗದ ಸಿಮೆಂಟಿನ ಕಲೆ ನೂಲಿನ ನಡುವೆ ಅಲ್ಲಲ್ಲಿ ಬಿಳಿಚಿಕೊಂಡಿತ್ತು. ಇಬ್ಬರೂ ಒಂದೊಂದಾಗಿ ಹಾಸಿ ಮುಚ್ಚಿದರು. ಊರವರ ಅಂಗಳಗಳಲ್ಲೆಲ್ಲ ಊರಿ ಸವೆದಿದ್ದ ಆ ಪ್ಯಾಂಟಿನ ಮಂಡಿಗಳು ಐಲಿಯ ಪಾತಿಯ ಸುತ್ತ ಸಾಲಾಗಿ ಮಲಗಿದವು.