ಕಡೇ ಸ್ಟೇಷನ್ನಿನ ವೋಲ್ಟೇಜ್

ರೈಲು ಈ ಸಲವೂ ಜವನಗೊಂಡನಹಳ್ಳಿಗೆ ಎರಡು ಗೇಣು ಮುಂಚೆ ನಿಂತಿತು. ದೇವರಮನೆ ಬಾಗಿಲಲ್ಲಿ ಜೋರಾಗಿ ಹೊರಟದ್ದು, ಊಟದ ಟೇಬಲ್ಲಿನ ಕೆಳಗೆ ತೆವಳಿ, ಅಡುಗೆಮನೆ ಹೊಸ್ತಿಲ ಹತ್ತಿರ ಒಮ್ಮೆ ಮುಲುಗಿ ಸುಮ್ಮನಾಯಿತು. ಹೊಸ್ತಿಲ ಪಕ್ಕದ ರಟ್ಟಿನ ಸ್ಟೇಷನ್ನಿನ ಮೇಲೆ ಊರಿನ ಹೆಸರನ್ನು ಚೈತ್ರಾಳೇ ಬರೆದಿದ್ದಳು. ಅದು ಅವಳಮ್ಮನ ತವರು. ಇವತ್ತಿಗೆ ಅವಳಿಗೆ ಏಳು ವರ್ಷ. ನಾಲ್ಕು ಗಂಟೆಗೆ ಬೀದಿಯ ಮಕ್ಕಳೆಲ್ಲ ಬರುತ್ತಾರೆ. ನಮ್ಮಮ್ಮನ ಊರಿಗೆ ರೈಲು ಬಿಡ್ತೀವಿ ಎಂದು ಅವರಿಗೆಲ್ಲ ಒಂದು ವಾರದಿಂದ ಸಾರಿದ್ದಾಳೆ.

"ತಾತ, ಅಮ್ಮನ ಊರಿಗೆ ಕರೆಂಟ್ ಹೋಗಲ್ವಾ?"

"ಹೋಗ್ತೈತೆ ಕಣವ್ವ, ತಡಿ." ಗಂಗಾಧರಪ್ಪ ಮತ್ತೆ ಮಂಡಿಯೂರಿದರು. ಮೂವತ್ತು ವರ್ಷ ಹಿರಿಯೂರಿನ ಕಂಬ ಹತ್ತಿದ ಲೈನ್‌ಮ್ಯಾನ್. ರಿಟೈರಾಗಿ ಎರಡು ವರ್ಷ. ಹಳಿಯನ್ನು ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿದ್ದಾಗಿತ್ತು, ಚಕ್ರಕ್ಕೆ ಸುತ್ತಿದ್ದ ಕೂದಲು ಕಿತ್ತದ್ದಾಗಿತ್ತು, ಅಡಾಪ್ಟರನ್ನೇ ಬದಲಿಸಿದ್ದಾಗಿತ್ತು. ವೋಲ್ಟೇಜ್ ಅಳೆಯುವ ಮೀಟರಿನ ಎರಡು ಕಡ್ಡಿಗಳನ್ನು ಅಡಾಪ್ಟರಿನ ಪಕ್ಕದ ಹಳಿಗೆ ಒತ್ತಿದರು. "ಹನ್ನೆರಡು. ಸಪ್ಲೈ ಸರಿಯಾಗೇ ಐತೆ."

"ಬೆಳಿಗ್ಗೆಯಿಂದ ಆರು ಸಲ ಅಂದ್ರಿ," ಎಂದರು ಒಲೆಯ ಮುಂದಿದ್ದ ಹೆಂಡತಿ ದಾಕ್ಷಾಯಣಮ್ಮ. "ಒಂದ್ಸಲ ಆ ರೈಲಿಗೂ ಹೇಳ್ರಿ, ಒಪ್ಕಂಡ್ರೆ ಹೋದೀತು."

ಅಷ್ಟರಲ್ಲಿ ಟೈಲರ್ ನೂರುನ್ನೀಸಾ ಹೊಸ ಫ್ರಾಕನ್ನು ಪೇಪರಿನಲ್ಲಿ ಸುತ್ತಿಕೊಂಡು, ಹೊಲಿಗೆ ಚೀಲ ಹಿಡಿದು ಬಂದರು. ಬೀದಿಯ ಕಡೇ ಮನೆ ಅವರದು. "ತಡ ಆತು ಅಕ್ಕ. ಮಿಷನ್ ಮೋಟ್ರು ಹನ್ನೊಂದಕ್ಕೇ ಮಲಗ್ತು. ಅಂಚೆಲ್ಲ ಕೈಯಾಗೇ ಹೊಲ್ದೆ." ಆಮೇಲೆ ನಿಂತ ರೈಲನ್ನು ನೋಡಿದರು. "ಇದು ಯಾವಾಗ್ಲೂ ಕಡೇ ಸ್ಟೇಷನ್ ಹತ್ರಾನೇ ನಿಲ್ತೈತಾ?"

"ಹೂಂ," ಎಂದಳು ಚೈತ್ರಾ, ಅಳುವ ಮುಖದಲ್ಲಿ.

"ಹಂಗಾದ್ರೆ ಕಾಯಿಲೆ ನಮ್ಮನೇದೇ. ಅಣ್ಣಾ, ಆ ಮೀಟ್ರು ಇಲ್ಲಿಗೆ ತರ್ರಿ. ಅಲ್ಲಿ ಹಿಡಿದ್ರೆ ಏನು ಬಂತು? ಟ್ರಾನ್ಸ್‌ಫಾರ್ಮರ್ ಬುಡದಾಗೆ ನಿಂತ್ಕಂಡು ನಂಗೂ ಹಿಂಗೇ ಅಂತಿದ್ರಿ. 'ಸಪ್ಲೈ ಸರಿ ಐತೆ ಕಣಮ್ಮ, ನಿನ್ನ ಮಿಷನ್ನೇ ಕೆಟ್ಟೈತೆ.' ಮೂರು ಮೋಟ್ರು ಬದಲಾಯಿಸ್ದೆ, ನಿಮ್ಮ ಮಾತು ಕೇಳಿ."

ಆಕೆ ದೂರು ಕೊಟ್ಟಾಗಲೆಲ್ಲ ಗಂಗಾಧರಪ್ಪ ಕಂಪ್ಲೇಂಟ್ ಪುಸ್ತಕದಲ್ಲಿ 'ಪರೀಕ್ಷಿಸಲಾಗಿದೆ, ಸರಿಯಾಗಿದೆ' ಎಂದು ಬರೆದು ಸಹಿ ಹಾಕಿದ್ದರು. ಸುಳ್ಳು ಬರೆದಿರಲಿಲ್ಲ, ಕಂಬದ ಬುಡದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು.

ಇಂಜಿನ್ನನ್ನು ಎತ್ತಿ ಪಕ್ಕಕ್ಕಿಟ್ಟು ಹೊಸ್ತಿಲ ಹತ್ತಿರದ ಹಳಿಗೆ ಕಡ್ಡಿ ಒತ್ತಿದರು. "ನೋಡ್ರಿ, ಇಲ್ಲೂ ಹನ್ನೆರಡೇ!"

"ಇಂಜಿನ್ ಎತ್ತಿ ನೋಡ್ತಾರಾ?" ಎಂದರು ನೂರುನ್ನೀಸಾ. "ಅದು ದುಡಿಯೋವಾಗ ನೋಡ್ರಿ. ಖಾಲಿ ಇದ್ದಾಗ ಎಲ್ಲಾರ ಮನೆಯಾಗೂ ಸರಿಯಾಗೇ ತೋರಿಸ್ತೈತೆ."

ಇಂಜಿನ್ನನ್ನು ಮತ್ತೆ ಹಳಿಗಿಟ್ಟರು. ಮೀಟರಿನ ಅಂಕಿ ಜಾರುತ್ತ ಜಾರುತ್ತ ಏಳಕ್ಕೆ ಬಂದು ನಿಂತಿತು.

"ಇಪ್ಪತ್ನಾಕು ತುಂಡು ಹಳಿ," ಗಂಗಾಧರಪ್ಪ ತಮಗೇ ಹೇಳಿಕೊಂಡರು. "ಒಂದೊಂದು ಜಾಯಿಂಟ್‌ನಾಗೂ ಚೂರು ಚೂರು ತಿನ್ಕಂಡು, ಕಡೇದಕ್ಕೆ ಏನೂ ಉಳಿಸಿಲ್ಲ."

"ಹಳೇ ಕಥೆ ಬಿಡ್ರಿ," ನೂರುನ್ನೀಸಾ ತಡೆದರು. "ಅಡಾಪ್ಟರಿಂದ ಇಲ್ಲಿಗೇ ಬೇರೆ ವೈರು ಎಳೀರಿ."

ಹಳೇ ಬ್ಯಾಗಿನಿಂದ ವೈರು ಬಂತು. ಅವರ ಕೈ ನೂರುನ್ನೀಸಾರ ಚೀಲದತ್ತ ಹೋದದ್ದೇ ತಡ, "ಬಟ್ಟೆ ಕತ್ತರಿ ಮುಟ್ಟೀರಿ, ಜ್ವಾಕೆ!" ಎಂಬ ಕೂಗು ಬಿತ್ತು. ಅರವತ್ತೆರಡರ ಹಲ್ಲಿನಲ್ಲೇ ವೈರಿನ ಸಿಪ್ಪೆ ಕಚ್ಚಿ ಸುಲಿದು, ಗೋಡೆಯ ಬದಿಗೆ ಎಳೆದು, ಕಡೇ ತುಂಡಿಗೆ ಸುತ್ತಿದರು.

ರೈಲು ಈ ಸಲ ಎಲ್ಲೂ ತಡೆಯಲಿಲ್ಲ. ಬಂದ ರಭಸಕ್ಕೆ ಜವನಗೊಂಡನಹಳ್ಳಿ ಸ್ಟೇಷನ್ನನ್ನೇ ಕೆಡವಿತು. ಚೈತ್ರಾ ಕಿರುಚಿದ್ದು ಬೀದಿಗೆಲ್ಲ ಕೇಳಿಸಿತು.

ಗಂಗಾಧರಪ್ಪ ಮೀಟರ್ ಹಿಡಿದು ಚಪ್ಪಲಿ ಮೆಟ್ಟಿದರು.

"ಮಕ್ಕಳು ಬರೋ ಹೊತ್ತು, ಎಲ್ಲಿಗ್ರಿ?" ದಾಕ್ಷಾಯಣಮ್ಮ ಕೇಳಿದರು.

"ಕಡೇ ಮನೆಗೆ."

ನೂರುನ್ನೀಸಾರ ಮಿಷನ್ನಿನ ಪಕ್ಕದ ಪ್ಲಗ್ಗಿನಲ್ಲಿ ಇನ್ನೂರ ಇಪ್ಪತ್ತು ತೋರಿಸಿತು. ಆಕೆ ಕಾಲಲ್ಲಿ ಪೆಡಲ್ ಒತ್ತಿದಾಗ ಮಿಷನ್ ಮುಲುಗುತ್ತ ತಿರುಗಿತು. ನೂರ ಅರವತ್ತೆರಡು.

"ಬರ್ಕಳ್ರಿ."

ಗಂಗಾಧರಪ್ಪ ಜೇಬು ಮುಟ್ಟಿಕೊಂಡರು. ಪೆನ್ನಿತ್ತು. ಕಂಪ್ಲೇಂಟ್ ಪುಸ್ತಕವನ್ನು ರಿಟೈರಾದ ದಿನವೇ ಒಪ್ಪಿಸಿದ್ದರು. ನೂರುನ್ನೀಸಾ ತಮ್ಮ ಅಳತೆ ಪುಸ್ತಕವನ್ನೇ ತೆರೆದು ಮುಂದಿಟ್ಟರು. ಚೈತ್ರಾಳ ಎದೆ, ಸೊಂಟ, ಉದ್ದದ ಅಳತೆಗಳ ಕೆಳಗೆ ಗಂಗಾಧರಪ್ಪ ದುಂಡಗೆ ಬರೆದರು: 'ಕಡೇ ಮನೆ, ಮಿಷನ್ ಓಡುವಾಗ: ನೂರ ಅರವತ್ತೆರಡು.' ಕೆಳಗೆ ಪೂರ್ತಿ ಸಹಿ ಹಾಕಿದರು.

"ತಾರೀಖು?" ಎಂದರು ನೂರುನ್ನೀಸಾ.

ಪೆನ್ನು ಅಲ್ಲೇ ನಿಂತಿತು. "ಇವತ್ತಿಂದು ಹಾಕ್ಲಾ ನೂರಮ್ಮ, ಇಲ್ಲ ನೀವು ಮೊದಲ್ನೇ ಸಲ ದೂರು ಕೊಟ್ಟಿದ್ರಲ್ಲ, ಆವತ್ತಿಂದು ಹಾಕ್ಲಾ?"