ಐವತ್ತೈದರ ವೀಳ್ಯ

“ಇನ್ನ ಮ್ಯಾಲೆ ಅರವತ್ತಲ್ಲ, ಐವತ್ತೈದಕ್ಕ ಕೆಲಸ ಬಿಡಬೇಕು. ಒಪ್ಪಿಗಿದ್ದವರು ವೀಳ್ಯ ತಗೋರಿ,” ಎಂದರು ದೌಲತರಾಯರು.

ದಸರೆಯ ಮರುದಿನ ಆಳಂದದಲ್ಲಿ ಅವರ ಹತ್ತಿ ಗಿರಣಿಯ ಕೆಲಸ ಶುರುವಾಗುತ್ತಿತ್ತು. ಅಂದು ಮಾಲೀಕರ ಮನೆಯ ವೀಳ್ಯ ತೆಗೆದುಕೊಂಡವನು ಕರಾರಿಗೆ ಒಪ್ಪಿದಂತೆ. ಅದು ಅಲ್ಲಿಯ ಪದ್ಧತಿ. ನಿಜಾಮರ ಆಳಿಕೆ ಮುಗಿದು ಇನ್ನೂ ತಿಂಗಳಾಗಿರಲಿಲ್ಲ. ಹರೆಯದವರೆಲ್ಲ ಸುಮ್ಮನೆ ತೆಗೆದುಕೊಂಡರು. ಐವತ್ತಾರು ತುಂಬಿದ ಇಂಜಿನ್ ಮಿಸ್ತ್ರಿ ಸಿಕಂದರ ಮಾತ್ರ ಕೈ ಹಿಂದೆ ಕಟ್ಟಿ ನಿಂತ.

“ನಿನ್ನ ಗಡ್ಡ ನೋಡ್ಕೋಪಾ, ಹತ್ತಿಗಿಂತ ಬೆಳ್ಳಗಾಗ್ಯಾದ.”

“ಇಂಜಿನ್ ಗಡ್ಡದಿಂದ ತಿರಗಂಗಿಲ್ರಿ ಸಾವ್ಕಾರ್ರ, ಕೈಯಿಂದ ತಿರಗ್ತದ. ನಿಮ್ಮ ಅಪ್ಪಾರು ಅರವತ್ತಂತ ಕರಾರು ಮಾಡ್ಯಾರ.”

ಎಲ್ಲರೂ ನಕ್ಕರು. ದೌಲತರಾಯರು ನಗಲಿಲ್ಲ. ಕೆಲಸಗಾರ ಒಪ್ಪದೆ ಕರಾರು ಬದಲಿಸಲಾಗದೆಂದು ವಕೀಲರು ಹೇಳಿದ್ದರು. ರಾಯರು ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅವರ ತಾಯಿ ವತ್ಸಲಾಬಾಯಿ ತಟ್ಟೆ ಹಿಡಿದು ಹೊರಗೆ ಬಂದರು. ಕರಾರಿನ ಮಾತು ಅವರಿಗೆ ತಿಳಿದಿರಲಿಲ್ಲ.

“ಯಾಕೋ ಸಿಕಂದರ, ಮುನಿಸಿಕೊಂಡೀಯಂತ? ತಗೋ.”

ತಟ್ಟೆ ಹಿಡಿದ ಆ ಕೈಗಳನ್ನು ಸಿಕಂದರ ನೋಡಿದ. ಎರಡೂ ಕೈಯಿಂದ ವೀಳ್ಯ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ.

“ಎಲ್ಲಾರೂ ನೋಡಿದ್ರಿಲ್ಲೋ?” ಎಂದರು ತಾಯಿಯ ಹಿಂದೆಯೇ ಬಂದು ನಿಂತಿದ್ದ ದೌಲತರಾಯರು.

ಎರಡು ದಿನಗಳ ಮೇಲೆ ವತ್ಸಲಾಬಾಯಿ ಗಿರಣಿಯ ಕಡೆ ಹೋದಾಗ ಕೆಲಸಗಾರರ ಖೋಲಿಯೊಂದರಲ್ಲಿ ಸಿಕಂದರ ಹಾಸಿಗೆ ಸುತ್ತುತ್ತಿದ್ದ, ಅವನ ಹೆಂಡತಿ ಜೈತುನಬಿ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

“ಎಲ್ಲಿಗಿ ಹೊಂಟೀರಿ ಬೇ?”

“ಅಫಜಲಪುರಕ್ಕ, ಅಳಿಯನ ಮನೀಗಿ. ಈ ಖೋಲಿ ನೌಕರಿ ಇದ್ದವರಿಗಷ್ಟೇ ಅಲ್ರೀ? ಇವರಿಗಿ ಐವತ್ತೈದು ದಾಟ್ಯಾದ. ನಿಮ್ಮ ಕೈಯಿಂದ ವೀಳ್ಯ ತಗೊಂಡು ಒಪ್ಪಿ ಬಂದಾರ.”

ವತ್ಸಲಾಬಾಯಿ ಚೀಲದ ಬಾಯಿ ಹಿಡಿದುಕೊಂಡರು. “ನನಗ ಗೊತ್ತಿರಲಿಲ್ಲೋ ಸಿಕಂದರ. ನಿನಗ ಗೊತ್ತಿತ್ತಲ್ಲಪಾ, ಬ್ಯಾಡ ಅನಬಾರದಾಗಿತ್ತೇನು?”

“ಹೋದ ತಿಂಗಳ ಗಲಾಟ್ಯಾಗ ಮಂದಿ ಕಡೀಲಾಕ ಬಂದಾಗ ನಮ್ಮಿಬ್ಬರನ್ನ ಕೈ ಹಿಡದು ಒಯ್ದು ನಿಮ್ಮ ದೇವರ ಖೋಲ್ಯಾಗ ಬಚ್ಚಿಟ್ರಿ. ಆ ಕೈಗಿ ಹ್ಯಾಂಗ ಬ್ಯಾಡ ಅನ್ಲಿ ಅವ್ವಾರ?”

ವತ್ಸಲಾಬಾಯಿ ಮನೆಗೆ ಬಂದು ಸಿಕಂದರನನ್ನು ಬಿಡಿಸಬೇಡವೆಂದು ಮಗನನ್ನು ಕೇಳಿದರು, ಬೇಡಿದರು. “ಮಂದಿ ಎದುರಿಗಿ ತಗೊಂಡಾನವ್ವಾ. ಈಗ ಕಾಯ್ದೆ ನಮ್ಮ ಕಡಿ ಅದ,” ಎಂದು ಮಗ ಊಟಕ್ಕೆ ಎದ್ದ.

ಸಂಜೆ ದಿನದಂತೆ ದೀಪ ಹಚ್ಚಲು ವತ್ಸಲಾಬಾಯಿ ದೇವರ ಕೋಣೆಯ ಬಾಗಿಲಿಗೆ ಬಂದರು. ಆಮೇಲೆ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ಸೊಸೆಯನ್ನು ಕರೆದರು.

“ಇವತ್ತ ದೀಪ ನೀನೇ ಹಚ್ಚವ್ವಾ.”