ನಡದು ತೋರಸವ್ವಾ

“ಮಾರಿ ಆಮ್ಯಾಲೆ ನೋಡತೀನಿ. ಮೊದಲು ಕಾಲು.”

ಮಾನ್ವಿಯಿಂದ ಗಬ್ಬೂರಿಗೆ ಹೆಣ್ಣು ನೋಡಲು ಬಂದ ಸುನಂದಾ ಜಮಖಾನದ ಮೇಲೆ ಕೂತ ಕೂಡಲೇ ಹೇಳಿದ ಮಾತು ಇದು. ಪಕ್ಕದಲ್ಲಿ ಮಗ ಬಸವಪ್ರಸಾದ. ಮೂವತ್ನಾಲ್ಕು ವರ್ಷ, ಗೊಬ್ಬರದ ಅಂಗಡಿ. ಏಳು ಕಡೆ ಹೆಣ್ಣು ನೋಡಿ ಏಳೂ ಕಡೆ ಒಲ್ಲೆ ಅನ್ನಿಸಿಕೊಂಡವನು. ಸುನಂದಾ ಊರಲ್ಲಿ ಹೇಳೋದು ಬೇರೆ. ಏಳನ್ನೂ ತಾನೇ ಬಿಟ್ಟಳಂತೆ.

ಇದು ಎಂಟನೆಯದು. ಅದೂ ಎಂಥದ್ದು? ಫುಟ್‌ಬಾಲ್ ಆಡೋದು! ಕೇರಳದ ಯಾವುದೋ ಕ್ಲಬ್ಬಿಗೆ ಪಗಾರ ತಗೊಂಡು ಆಡತಾಳಂತೆ, ಚಡ್ಡಿ ಹಾಕ್ಕೊಂಡು, ಟೀವಿಯಲ್ಲಿ. ಥೂ! ಆದರೂ ಸುನಂದಾ ಬಂದಿದ್ದಳು. ಟೀವಿಯಲ್ಲಿ ಬಂದವಳು ನಮ್ಮನೇಲಿ ರೊಟ್ಟಿ ಬಡೀತಾಳೆ ನೋಡ್ರಿ ಅಂತ ಮಾನ್ವಿ ಹೆಂಗಸರ ಮುಂದೆ ಹೇಳುವ ಆಸೆ, ನಾಲಿಗೆ ತುದಿಯಲ್ಲೇ ಕೂತಿತ್ತು.

“ನೀವು ಹೂಂ ಅಂದ್ರ ಇವತ್ತಿಗೇ ಆಟ ಬಂದ್‌ರೀ,” ಅಂದ ಹುಡುಗಿಯ ಅಪ್ಪ ಮುದುಕಪ್ಪ. “ನಾಳಿ ಆಕಿಗೆ ರಾಯಚೂರಾಗ ಟ್ರೈನ್ ಅದ. ಈ ವರ್ಷದ ಸಹಿ ಹಾಕಾಕ ಕ್ಲಬ್ಬಿನೋರು ಕರದಾರ. ಹೋಗಗೊಡಂಗಿಲ್ಲ.”

“ಹೋಗಗೊಟ್ಟೀರಿ ಮತ್ತ! ನಮ್ಮ ಮನಿ ಸೊಸಿ ಚಂಡಿನ ಹಿಂದ ಓಡೋದು ಅಂದ್ರೇನು?”

ಸುನಂದಾ ಚೀಲದಿಂದ ತೆಂಗಿನಕಾಯಿ, ಕುಪ್ಪಸದ ಖಣ ತೆಗೆದು ಎಲ್ಲರಿಗೂ ಕಾಣೋ ಹಾಗೆ ಜಮಖಾನದ ಮೇಲಿಟ್ಟಳು. ಸಂಬಂಧ ತಂದ ತಾಯಣ್ಣನಿಗೆ ಆಗಲೇ ಅರ್ಧ ಲಗ್ನ ಆದಷ್ಟು ಖುಷಿ.

“ಆ ಕಾಯಿ, ಖಣ ಈ ಮನ್ಯಾಗ ಉಳದ್ವು ಅಂದ್ರ ಮಾತು ಗಟ್ಟಿ ಆದಂಗ ಅಕ್ಕಾರ. ನಮ್ಮ ಕಡಿ ಅಷ್ಟೇ ನೋಡ್ರಿ, ಬಾಯಿ ಮಾತೇ ಬ್ಯಾಡ.” ಅಂದವನು ಫೋನು ಮುಂದೆ ಹಿಡಿದ. “ಇಲ್ಲಿ ನೋಡ್ರಿ, ಸವಿತಾಂದು ಹೋದ ವರ್ಷದ ಮ್ಯಾಚು.”

ಹುಡುಗಿ ಗೋಲಿನ ಹತ್ತಿರ ದೊಪ್ಪಂತ ಬಿದ್ದಳು. ಕಾಲು ಹಿಡಿದುಕೊಂಡು ಉರುಳಾಡಿದಳು.

“ಬರೇ ಬೀಳೋದೇನು ಇಕಿದು?”

“ಬಿದ್ದದ್ದಕ್ಕೇ ರೆಫರಿ ಸೀಟಿ ಊದಿ ಪೆನಾಲ್ಟಿ ಕೊಟ್ಟನ್ರೀ! ಅದರಾಗೇ ಗೋಲು ಹೊಡದು ಗೆದ್ರು.”

“ಬಿದ್ದು ಗೆಲ್ಲೋದು! ಚಲೋ ಆಟ ಬಿಡು.” ಸುನಂದಾ ಮೂಗು ಮುರಿದಳು. ಹುಡುಗಿ ಕಾಲು ಹಿಡಿದುಕೊಂಡದ್ದು ಮಾತ್ರ ತಲೆಯಲ್ಲಿ ಕೂತುಬಿಟ್ಟಿತು.

ಸವಿತಾ ಚಹಾ ತಂದು ಕೊಟ್ಟಳು. ಹಸಿರು ಸೀರೆ, ಕೈತುಂಬ ಬಳೆ, ತಗ್ಗಿಸಿದ ತಲೆ. ಟೀವಿ ಹುಡುಗಿ ಇವಳೇನಾ ಅನ್ನುವಷ್ಟು ಮೆತ್ತಗೆ.

“ನಡದು ತೋರಸವ್ವಾ,” ಅಂದಳು ಸುನಂದಾ. ಸಂತೆಯಲ್ಲಿ ಎತ್ತು ನಡೆಸಿ ನೋಡುವವರ ದನಿ.

ಸವಿತಾ ಬಾಗಿಲ ತನಕ ನಡೆದಳು. ಎಡಗಾಲು ಎಳೀತಿತ್ತು.

ಸುನಂದಾ ಮುಂದಕ್ಕೆ ಬಾಗಿದಳು.

“ಹೊಳ್ಳಿ ಬಾ.”

ಹೊಳ್ಳಿ ಬಂದಳು. ಹಲ್ಲು ಕಚ್ಚಿದ್ದಳು. ಈಗ ಬಲಗಾಲು ಎಳೀತಿತ್ತು.

“ಏ, ಇದೇನವ್ವಾ?” ಮುದುಕಪ್ಪ ಎದ್ದೇ ನಿಂತ. “ಮುಂಜಾನಿ ಚಲೋ ಇದ್ಲು! ಹೊಲದ ತನಕ ಓಡಿ ಹೋಗಿ ಬಂದಾಳ್ರೀ, ಆಣಿ ಮಾಡಿ ಹೇಳತೀನಿ!”

“ಯಪ್ಪಾ,” ಅಂದಳು ಸವಿತಾ ಸಣ್ಣ ದನಿಯಲ್ಲಿ, “ಎಷ್ಟಂತ ಮುಚ್ಚಿಡ್ತಿ?”

ಮುದುಕಪ್ಪನ ಬಾಯಿ ತೆರೆದೇ ಉಳಿಯಿತು. ಸುನಂದಾಳ ಬಾಯಿ ಮುಚ್ಚಲೇ ಇಲ್ಲ.

“ಹೋಗೂವಾಗ ಎಡಗಾಲು, ಬರೂವಾಗ ಬಲಗಾಲು! ಎರಡೂ ಹೋಗ್ಯಾವ! ಒದ್ದು ಒದ್ದು ಹಾಳ ಮಾಡ್ಕೊಂಡು, ಈಗ ನಮ್ಮ ಕೊಳ್ಳಿಗೆ ಕಟ್ಟಾಕತ್ತೀರೇನು? ಮಾನ್ವಿ ಮಂದಿಗೆ ಕಣ್ಣಿಲ್ಲ ಅಂತ ತಿಳಕೊಂಡೀರಿ? ಹೊಸಲಿ ದಾಟೂದ್ರಾಗ ಎತ್ತಿನ ನಡಗಿ ಹೇಳತೀನಿ ನಾನು, ಇನ್ನ ಹೆಣ್ಣಿಂದು ತಿಳಿಯಂಗಿಲ್ಲೇನು?”

“ಅವ್ವಾ,” ಅಂದ ಬಸವಪ್ರಸಾದ, “ಟೀವ್ಯಾಗ ಚಲೋ ಓಡತಿದ್ಲಲ್ಲ...”

“ಸುಮ್ಮ ಕುಂದ್ರಲೇ, ನಿನಗೇನ್ ತಿಳೀತದ!” ತಾಯಣ್ಣನ ಕಡೆ ತಿರುಗಿದಳು. “ನಾಲ್ಕು ಮಂದಿ ಮುಂದ ಹೇಳತೀನಿ ಕೇಳು. ಒಲ್ಲೆ! ಈ ಕುಂಟಿ ನಮಗ ಬ್ಯಾಡ.”

ಚೀಲ ಬಗಲಿಗೆ ಹಾಕಿಕೊಂಡು ಎದ್ದಳು. ಚಪ್ಪಲಿ ಮೆಟ್ಟುವಾಗ ಒಮ್ಮೆ ತಿರುಗಿ ನೋಡಿದಳು. ಸವಿತಾ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಭುಜ ಅಲುಗುತ್ತಿದ್ದವು. ಅಳಲಿ. ಬುದ್ಧಿ ಬರಲಿ.

ಕಾರು ಓಣಿ ದಾಟಿ ರಸ್ತೆಗೆ ಬಂತು. ಮುಂದೆ ಹತ್ತಿ ತುಂಬಿದ ಟ್ರ್ಯಾಕ್ಟರ್, ಇಡೀ ರಸ್ತೆ ಅದರದ್ದೇ. ಕಾರು ಆಮೆ ನಡಿಗೆಗೆ ಇಳಿಯಿತು.

“ನನ್ನ ಕಣ್ಣು ತಪ್ಪಿಸಾಕ ಆಗತದೇನು?” ಅಂತ ಸುನಂದಾ ಬೀಗುತ್ತಾ ಚೀಲದಲ್ಲಿ ಕೈ ಹಾಕಿದಳು. ಎಲೆ ಅಡಿಕೆ ಸಿಕ್ಕಿತು. ಮತ್ತೇನೂ ಸಿಗಲಿಲ್ಲ.

ಚೀಲ ಬುಡಮೇಲು ಮಾಡಿ ಜಾಡಿಸಿದಳು.

“ಕಾಯಿ! ಖಣ! ಜಮಖಾನದ ಮ್ಯಾಲೇ ಉಳದಾವಲ್ಲೋ! ಆ ತಾಯಣ್ಣ ಲಗ್ನ ಗಟ್ಟಿ ಆತಂತ ದೇವದುರ್ಗಕ್ಕೆಲ್ಲ ಸಾರತಾನ! ತಿರುಗಸೋ, ಗಾಡಿ ತಿರುಗಸೋ!”

ಬಸವಪ್ರಸಾದ ತಿರುಗಿಸಲಿಲ್ಲ. ಕನ್ನಡಿ ನೋಡುತ್ತಾ ಕೂತಿದ್ದ.

“ಅವ್ವಾ, ಹಿಂದ ನೋಡು.”

ಹಸಿರು ಸೀರೆ ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡು, ಬರಿಗಾಲಲ್ಲಿ, ಬಗಲಲ್ಲಿ ತೆಂಗಿನಕಾಯಿ ಒತ್ತಿಹಿಡಿದು ಒಬ್ಬಳು ಬರುತ್ತಿದ್ದಳು. ಗಟಾರ ಒಂದೇ ನೆಗೆತ. ಅಡ್ಡ ಬಂದ ಎಮ್ಮೆಗೆ ಎಡಕ್ಕೆ ಹೋದಂಗೆ ಮಾಡಿ ಬಲಕ್ಕೆ ನುಗ್ಗಿದಳು. ಎಮ್ಮೆ ಎಡಕ್ಕೇ ನೋಡುತ್ತಾ ನಿಂತಿತ್ತು. ಕಣ್ಣು ಮಿಟುಕಿಸುವುದರಲ್ಲಿ ಕಾರಿನ ಪಕ್ಕಕ್ಕೆ ಬಂದು, ಕಿಟಕಿಯಿಂದ ಕಾಯಿ, ಖಣ ಸುನಂದಾಳ ಮಡಿಲಿಗೆ ಇಟ್ಟಳು. ಏದುಸಿರೂ ಇಲ್ಲ.

“ರೆಫರಿಗಳು ಇಷ್ಟು ಜಲ್ದಿ ನಂಬಂಗಿಲ್ರೀ, ಅತ್ತೀ.”